ಮೊಲಕ್ಕೆ ಯಾವ ಸೂಜಿ ಮಾಡಿಸಬೇಕ್ರಿ?

ಮನೆಗೆ ಹೊಸದಾಗಿ ಮೊಲ ತಂದವರು ಮೊದಲು ಕೇಳುವ ಪ್ರಶ್ನೆ ಇದೇ. ನಾಯಿಮರಿ ತಂದರೆ ಸೂಜಿ ಇದೆ. ಎಮ್ಮೆ, ಆಕಳಿಗೆ ಕಾಲುಬಾಯಿ ಬೇನೆಯ ಸೂಜಿ ಇದೆ. ಕುರಿ, ಆಡಿಗೆ ಪಿಪಿಆರ್ ಅನ್ನುವ ರೋಗದ ಸೂಜಿ ಇದೆ. ಅಂದಮೇಲೆ ಮೊಲಕ್ಕೂ ಒಂದು ಇರಲೇಬೇಕಲ್ಲ? ಕಲಬುರಗಿಯವರಾದ ನಮಗೆ ಸೂಜಿ ಮೇಲೆ ನಂಬಿಕೆಯೂ ಜಾಸ್ತಿ. ಜ್ವರ ಅಂತ ಹೋದಾಗ ಡಾಕ್ಟರು ಬರೀ ಗುಳಿಗೆ ಬರೆದು ಕಳಿಸಿದರೆ, "ಸೂಜಿ ಮಾಡ್ಲೇ ಇಲ್ಲ ನೋಡ್ರಿ" ಅಂತ ಗೊಣಗುತ್ತ ಮನೆಗೆ ಬರುವ ಜನ ನಾವು.

ನಮ್ಮ ಮನೆಯಲ್ಲಿ ಎರಡು ಮೊಲ ಇವೆ. ಬಿಳಿಯದರ ಹೆಸರು ಹತ್ತಿ, ಬೂದು ಬಣ್ಣದ್ದು ಎಳ್ಳು. ಹೆಸರಿಟ್ಟವಳು ಅಕ್ಕನ ಮಗಳು. ಅವು ಬಂದ ಮೇಲೆ ಓಣಿಯವರು, ಆಫೀಸಿನವರು, ಆಫೀಸಿನವರ ಬೀಗರು ಅಂತ ಮೊಲದ ವಿಷಯ ಕೇಳಿಕೊಂಡು ಫೋನ್ ಮಾಡುವವರು ಶುರುವಾದರು. ಎಲ್ಲರಿಗೂ ಅದನ್ನೇ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಚುಟುಕಾಗಿ ಹೇಳಬೇಕೆಂದರೆ, ನಮ್ಮ ಊರಿನಲ್ಲಿ ಮೊಲಕ್ಕೆ ಅಂತ ವಾಡಿಕೆಯಾಗಿ ಹಾಕುವ ಲಸಿಕೆ ಇಲ್ಲ. ಅಂಗಡಿಯವನು "ಎಲ್ಲಾ ಸೂಜಿ ಆಗ್ಯಾವ್ರಿ ಅಕ್ಕಾರ, ಆರಾಮ ತಗೊಂಡ್ ಹೋಗ್ರಿ" ಅಂದರೆ ಯಾವ ಸೂಜಿ, ಯಾವ ತಾರೀಖು, ಎಷ್ಟು ವಾರದ ಮರಿಗೆ ಅಂತ ಕೇಳಿ. ನಮಗೆ ಹಾಗೆ ಹೇಳಿದವನು ತಲೆ ಕೆರೆದುಕೊಂಡು ಮೀನಿನ ತೊಟ್ಟಿಯ ಕಡೆ ಹೋದ.

ಮತ್ತೆ ಇಂಟರ್ನೆಟ್ ತುಂಬ ಮೊಲದ ಲಸಿಕೆ, ಮೊಲದ ಲಸಿಕೆ ಅಂತ ಯಾಕೆ ಬರುತ್ತದೆ? ಅದು ಬ್ರಿಟನ್ನಿನವರು, ಯುರೋಪಿನವರು ಅವರ ಊರಿನ ರೋಗಗಳಿಗೆ ಬರೆದುಕೊಂಡಿದ್ದು. ಅಲ್ಲಿ ಮೊಲಗಳನ್ನು ಕೊಲ್ಲುವ ದೊಡ್ಡ ವೈರಸ್ ರೋಗಗಳು ಎರಡು. ಮೊದಲನೆಯದು ಮಿಕ್ಸೋಮಾಟೋಸಿಸ್. ಸೊಳ್ಳೆ ಮತ್ತು ಚಿಗಟ ಇದನ್ನು ಹರಡುತ್ತವೆ. ಕಣ್ಣು, ಮೂಗು, ಮುಖ ಎಲ್ಲ ಊದಿ, ಕಣ್ಣು ಮುಚ್ಚಿಹೋಗಿ, ಮೊಲ ನರಳಿ ನರಳಿ ಸಾಯುತ್ತದೆ. ಎರಡನೆಯದು ಆರ್‌ಎಚ್‌ಡಿ ಅನ್ನುವ ರಕ್ತಸ್ರಾವದ ರೋಗ. 1984ರಲ್ಲಿ ಚೀನಾದಲ್ಲಿ ಮೊದಲು ಕಂಡಿತು. ನಿನ್ನೆ ಕುಣಿಯುತ್ತಿದ್ದ ಮೊಲ ಇವತ್ತು ಗೂಡಿನಲ್ಲಿ ಸತ್ತು ಬಿದ್ದಿರುತ್ತದೆ, ಅಷ್ಟೇ. ಹುಲ್ಲು, ಚಪ್ಪಲಿ, ನೊಣ, ಯಾವುದರ ಮೇಲಾದರೂ ಕೂತು ಬರುವ ಗಟ್ಟಿ ವೈರಸ್ ಅದು. 2010ರಲ್ಲಿ ಫ್ರಾನ್ಸಿನಲ್ಲಿ ಇದರ ಹೊಸ ರೂಪ ಕಾಣಿಸಿತು. 2020ರಲ್ಲಿ ಅಮೆರಿಕದ ನೈಋತ್ಯ ರಾಜ್ಯಗಳಲ್ಲಿ ಜೋರಾಗಿ ಹರಡಿತು, ಮರುವರ್ಷ ಅಲ್ಲಿ ತುರ್ತು ಅನುಮತಿ ಕೊಟ್ಟು ಲಸಿಕೆ ಬಿಟ್ಟರು. ಬ್ರಿಟನ್ನಿನಲ್ಲಂತೂ ಐದು ವಾರದ ಮರಿಗೇ ಈ ಎಲ್ಲ ರೋಗಕ್ಕೂ ಸೇರಿಸಿ ಒಂದೇ ಸೂಜಿ ಹಾಕಿ, ಆಮೇಲೆ ವರ್ಷಕ್ಕೊಂದರಂತೆ ಹಾಕಿಸುತ್ತ ಹೋಗುತ್ತಾರೆ.

ಮಿಕ್ಸೋಮಾಟೋಸಿಸ್‌ನ ಕಥೆ ಓದಿದಾಗ ನನಗೆ ಸಿಟ್ಟು ಬಂದಿತ್ತು. ಈ ರೋಗವನ್ನು ಹರಡಿದ್ದು ಮನುಷ್ಯರೇ. ಹೊಲ ಹಾಳುಮಾಡುವ ಕಾಡುಮೊಲಗಳನ್ನು ಕೊಲ್ಲಲು 1950ರಲ್ಲಿ ಆಸ್ಟ್ರೇಲಿಯಾದವರು ಬೇಕಂತಲೇ ಬಿಟ್ಟರು. 1952ರಲ್ಲಿ ಫ್ರಾನ್ಸಿನ ಒಬ್ಬ ವೈದ್ಯ ತನ್ನ ಎಸ್ಟೇಟಿನ ಮೊಲದ ಕಾಟ ತಪ್ಪಿಸಲು ಎರಡು ಮೊಲಕ್ಕೆ ಈ ವೈರಸ್ ಚುಚ್ಚಿ ಬಿಟ್ಟ. ಮರುವರ್ಷ ಅದು ಸಮುದ್ರ ದಾಟಿ ಬ್ರಿಟನ್ ಸೇರಿತು. ಇನ್ನೂ ವಿಚಿತ್ರ ಅಂದರೆ, ಆಸ್ಟ್ರೇಲಿಯಾದಲ್ಲಿ ಮನೆಯ ಮೊಲಕ್ಕೆ ಮಿಕ್ಸೋಮಾಟೋಸಿಸ್ ಲಸಿಕೆ ಹಾಕಿಸಲು ಇವತ್ತಿಗೂ ಅನುಮತಿ ಇಲ್ಲ. ಕಾಡುಮೊಲ ಸಾಯಲಿ ಅಂತ ಬಿಟ್ಟ ರೋಗಕ್ಕೆ ತಡೆ ಹುಟ್ಟಬಾರದಲ್ಲ! ಲಸಿಕೆ ಕಂಡುಹಿಡಿದಿದ್ದಾರೆ, ದುಡ್ಡು ಕೊಡಲು ಜನ ತಯಾರಿದ್ದಾರೆ, ಆದರೂ ಸಿಗುವುದಿಲ್ಲ. ಅಲ್ಲಿಯವರು ಸೊಳ್ಳೆ ಪರದೆ ಕಟ್ಟಿಕೊಂಡು ಕೂರಬೇಕು.

ಇರಲಿ. ಆ ಸೂಜಿಗಳು ನಮ್ಮಲ್ಲಿಲ್ಲ ಅಂತ ಕೊರಗುವುದರಲ್ಲಿ ಅರ್ಥವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ಕಲಬುರಗಿಯಲ್ಲಿ ಸಾಕಿದ ಮೊಲ ಸಾಯುವುದು ಆ ರೋಗಗಳಿಂದ ಅಲ್ಲ. ನಾನು ಕೇಳಿದ, ಕಂಡ ಸಾವುಗಳೆಲ್ಲ ಹೊಟ್ಟೆಯದ್ದು, ಬಿಸಿಲಿನದ್ದು, ಕಜ್ಜಿಯದ್ದು, ಇಲ್ಲಾ ತಪ್ಪು ಔಷಧಿಯದ್ದು. ಇವುಗಳಿಗೆ ಲಂಡನ್ನಿನಲ್ಲೂ ಸೂಜಿ ಇಲ್ಲ.

ಮೊದಲು ಹೊಟ್ಟೆಯದ್ದು ಹೇಳುತ್ತೇನೆ. ಅಂಗಡಿಯಿಂದ ತಂದ ಪುಟ್ಟ ಮರಿ ಎರಡು ವಾರ ಚೆನ್ನಾಗಿದ್ದು, ಆಮೇಲೆ ಹೊಟ್ಟೆ ಉಬ್ಬಿ, ನೀರಾಗಿ ಭೇದಿ ಮಾಡಿಕೊಂಡು ಸತ್ತುಹೋಯಿತು ಅನ್ನುವ ಮಾತು ಎಷ್ಟು ಜನರ ಬಾಯಲ್ಲಿ ಕೇಳಿಲ್ಲ! "ದೃಷ್ಟಿ ಆತು" ಅನ್ನುವವರಿದ್ದಾರೆ. ಬಹಳಷ್ಟು ಸಲ ಅದು ಕಾಕ್ಸಿಡಿಯೋಸಿಸ್. ಐಮೀರಿಯಾ ಅನ್ನುವ ಕಣ್ಣಿಗೆ ಕಾಣದ ಜೀವಿ ಕರುಳಿನಲ್ಲೋ ಪಿತ್ತನಾಳದಲ್ಲೋ ಬೆಳೆಯುತ್ತದೆ. ದೊಡ್ಡ ಮೊಲ ತಡೆದುಕೊಳ್ಳುತ್ತದೆ, ಆಗಷ್ಟೇ ಹಾಲು ಬಿಟ್ಟ ಮರಿ ತಡೆದುಕೊಳ್ಳುವುದಿಲ್ಲ. ಅಂಗಡಿಗಳಲ್ಲಿ ಮೂರು-ನಾಲ್ಕು ವಾರದ ಮರಿಗಳನ್ನೇ ತಾಯಿಯಿಂದ ಕಿತ್ತು ತಂದು, ಒಂದೇ ಪಂಜರದಲ್ಲಿ ಹತ್ತಾರು ತುಂಬಿರುತ್ತಾರೆ. ಪುಟ್ಟದಿದ್ದರೆ ಬೇಗ ಮಾರಾಟವಾಗುತ್ತದೆ, ನೋಡಲು ಮುದ್ದು ಅಲ್ವಾ. ಎಂಟು ವಾರ ಆಗದ ಮರಿಯನ್ನು ತರಲೇಬೇಡಿ.

ಈ ಜೀವಿಯ ಒಂದು ಗುಣ ಗೊತ್ತಿದ್ದರೆ ಅರ್ಧ ಗೆದ್ದಂತೆ. ಹಿಕ್ಕೆಯ ಜೊತೆ ಹೊರಬಿದ್ದ ಅದರ ಮೊಟ್ಟೆ ಆ ಕ್ಷಣಕ್ಕೆ ಏನೂ ಮಾಡಲಾರದು. ತೇವ, ಬೆಚ್ಚಗಿನ ಜಾಗ, ಗಾಳಿ ಮೂರೂ ಸಿಕ್ಕು ಒಂದೆರಡು ದಿನ ಕಳೆದ ಮೇಲೆಯೇ ಅದಕ್ಕೆ ರೋಗ ತರುವ ಶಕ್ತಿ ಬರುತ್ತದೆ. ಅಂದರೆ ದಿನಾ ಹಿಕ್ಕೆ ಗುಡಿಸಿ ಎಸೆದರೆ, ಒದ್ದೆ ಹುಲ್ಲು ತೆಗೆದರೆ, ಅದರ ಸರದಿ ಬರುವುದೇ ಇಲ್ಲ. ವಾರಕ್ಕೊಮ್ಮೆ ಭಾನುವಾರ ಗೂಡು ತೊಳೆಯುತ್ತೇವೆ ಅಂದರೆ ಅದಕ್ಕೆ ಆರು ದಿನ ಸಮಯ ಕೊಟ್ಟ ಹಾಗೆ. ಇನ್ನೊಂದು ಮಾತು, ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಸುರಿಯುವ ಫಿನಾಯಿಲ್ ಇದಕ್ಕೆ ನಾಟುವುದಿಲ್ಲ. ಕುದಿಯುವ ನೀರು ಹಾಕಿ ತೊಳೆದು, ಗೂಡನ್ನು ಮಾಳಿಗೆ ಮೇಲೆ ಬಿಸಿಲಿಗೆ ಒಣಗಿಸಬೇಕು. ಒಣ ಬಿಸಿಲಿಗೆ ನಮ್ಮ ಊರಿನಲ್ಲಿ ಬರವೇನಿಲ್ಲ.

ಮರಿ ತಂದ ವಾರದಲ್ಲೇ ಪಶು ಆಸ್ಪತ್ರೆಗೆ ಹೋಗಿ. ನಾವು ಹೋದಾಗ ಎದುರಿಗೆ ಒಂದು ಎಮ್ಮೆ, ಪಕ್ಕದಲ್ಲಿ ಆಡು ಹಿಡಿದುಕೊಂಡ ಅಜ್ಜ, ನಡುವೆ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎರಡು ಮೊಲ ಹಿಡಿದ ನಾನು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಡಾಕ್ಟರು ಬುಟ್ಟಿಯೊಳಗೆ ಇಣುಕಿ, "ಸೂಜಿ ಏನೂ ಬ್ಯಾಡ್ರಿ ಈಗ. ನಾಳೆ ಮುಂಜಾನಿ ಹಿಕ್ಕಿ ತರ್ರಿ, ತಾಜಾ ಇರ್ಬೇಕ್ ನೋಡ್ರಿ" ಅಂದರು. ಆಡಿನ ಅಜ್ಜ ನಕ್ಕುಬಿಟ್ಟ. "ಮೊಲದ ಹಿಕ್ಕಿ ನೋಡಿ ಏನ್ ಮಾಡ್ತೀರಿ ಸಾಹೇಬ್ರ?" ಅಂತ ಅವನ ಪ್ರಶ್ನೆ. ಸೂಕ್ಷ್ಮದರ್ಶಕದಡಿ ನೋಡಿದರೆ ಮೊಟ್ಟೆ ಇವೆಯೋ ಇಲ್ಲವೋ, ಎಷ್ಟಿವೆ ಅನ್ನುವುದು ತಿಳಿಯುತ್ತದೆ. ಇದ್ದರೆ ಅದಕ್ಕೆ ಸಲ್ಫಾ ಗುಂಪಿನ ಔಷಧಿಯೋ ಟೋಲ್ಟ್ರಾಜುರಿಲೋ ಡಾಕ್ಟರೇ ತೂಕ ನೋಡಿ ಬರೆಯುತ್ತಾರೆ. ಮೊಲದ ಮಟ್ಟಿಗೆ ಮೊದಲ ಸೂಜಿ ಅಂದರೆ ಈ ಹಿಕ್ಕೆ ಪರೀಕ್ಷೆಯೇ ಅಂದುಕೊಳ್ಳಿ. ಮನೆಯಲ್ಲಿ ಮೊದಲೇ ಮೊಲ ಇದ್ದರೆ ಹೊಸದನ್ನು ಎರಡು-ಮೂರು ವಾರ ಬೇರೆ ಕೋಣೆಯಲ್ಲಿಡಿ. ಹಳೆಯದಕ್ಕೆ ಮೇವು ಹಾಕಿದ ಮೇಲೆಯೇ ಹೊಸದರ ಹತ್ತಿರ ಹೋಗಿ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಮೊಲಕ್ಕೆ 20ರ ಆಸುಪಾಸು ಹಿತ, 30 ದಾಟಿದರೆ ಕಷ್ಟ ಶುರು. ಅದಕ್ಕೆ ನಮ್ಮ ಹಾಗೆ ಬೆವರು ಬರುವುದಿಲ್ಲ, ನಾಯಿಯ ಹಾಗೆ ನಾಲಿಗೆ ಚಾಚಿ ತಣ್ಣಗಾಗಲೂ ಬರುವುದಿಲ್ಲ. ಒಳಗಿನ ಶಾಖ ಹೊರಹೋಗುವುದು ಹೆಚ್ಚಾಗಿ ಕಿವಿಯಿಂದ. ಮಧ್ಯಾಹ್ನ ಎಳ್ಳುವಿನ ಕಿವಿಯನ್ನು ಬೆಳಕಿಗೆ ಹಿಡಿದರೆ ರಕ್ತನಾಳಗಳು ಕೆಂಪಗೆ ಉಬ್ಬಿರುವುದು ಕಾಣುತ್ತದೆ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗು ಒದ್ದೆಯಾಗಿದ್ದರೆ, ಕಾಲು ಚಾಚಿ ಬಿದ್ದು ಎದ್ದೇಳದಿದ್ದರೆ ಅದು ನಿದ್ದೆಯಲ್ಲ. ಕಿವಿಗೆ ತಣ್ಣೀರಿನ ಬಟ್ಟೆ ಒತ್ತುತ್ತ ಆಸ್ಪತ್ರೆಗೆ ಓಡಬೇಕು. ಗಾಬರಿಯಲ್ಲಿ ಐಸ್ ನೀರಿನಲ್ಲಿ ಮುಳುಗಿಸಬೇಡಿ, ಆ ಆಘಾತಕ್ಕೇ ಜೀವ ಹೋಗುತ್ತದೆ.

ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಒಂದು ಸೊತ್ತು ನೆರವಿಗೆ ಬರುತ್ತದೆ. ಶಹಾಬಾದ್ ಫರಸಿ. ಹಳೆ ಮನೆಯಲ್ಲಿ ಈ ಕಲ್ಲಿನ ನೆಲ ಇದ್ದರೆ ಮೊಲಕ್ಕೆ ಬೇರೆ ಏಸಿ ಬೇಡ ಅನ್ನಬಹುದು. ಟೈಲ್ಸ್ ಮನೆಯವರು ಒಂದು ತುಂಡು ಫರಸಿ ತಂದು, ನೀರು ಹಾಕಿ ಒರೆಸಿ, ಮೂಲೆಯಲ್ಲಿ ಹಾಸಿ. ನಮ್ಮ ಹತ್ತಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗಿದರೆ ಸಂಜೆಯವರೆಗೆ ಅಲ್ಲಾಡುವುದಿಲ್ಲ. ಆದರೆ ಪೂರ್ತಿ ನೆಲ ಕಲ್ಲೇ ಆಗಿರಬಾರದು. ಮೊಲದ ಪಾದದಡಿ ನಾಯಿಗಿರುವಂಥ ಗಟ್ಟಿ ಮೆತ್ತೆ ಇಲ್ಲ, ಬರೀ ಕೂದಲು. ಗಟ್ಟಿ ನೆಲ, ತಂತಿ ತಳದ ಪಂಜರ ಎರಡರಲ್ಲೂ ಹಿಂಗಾಲಿನ ಹಿಮ್ಮಡಿ ಸುಲಿದು ಹುಣ್ಣಾಗುತ್ತದೆ. ಅರ್ಧ ಜಾಗಕ್ಕೆ ಹಳೆ ಕೌದಿ ಹಾಸಿ. ತಂತಿ ಪಂಜರ ಕೊಂಡಿದ್ದರೆ ತಳಕ್ಕೆ ಗೋಣಿ ತಟ್ಟು ಹಾಕಿ, ಒದ್ದೆಯಾದ ಕೂಡಲೇ ಬದಲಿಸಿ. ಮಣ್ಣಿನ ಗಡಿಗೆಯನ್ನು ಅಡ್ಡ ಮಲಗಿಸಿ ಹೊರಗಿನಿಂದ ನೀರು ಚಿಮುಕಿಸಿದರೆ ಅದರೊಳಗೆ ಹೋಗಿ ಕೂರುತ್ತವೆ. ಫ್ರಿಜ್ಜಿನಲ್ಲಿ ಗಟ್ಟಿಮಾಡಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಒರಗಿಕೊಳ್ಳುತ್ತವೆ. ಕೂಲರ್ ನಮ್ಮ ಒಣ ಹವೆಗೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಮಾತ್ರ ಅದು ಬರೀ ತೇವ ತುಂಬುತ್ತದೆ. ನೀರನ್ನು ನಳಿಗೆಯ ಬಾಟಲಿಗಿಂತ ಭಾರವಾದ ಬೋಗುಣಿಯಲ್ಲಿ ಇಟ್ಟರೆ ಜಾಸ್ತಿ ಕುಡಿಯುತ್ತವೆ.

ಮೇವಿನ ವಿಷಯಕ್ಕೆ ಬಂದರೆ ಜಗಳವೇ ಆಗುತ್ತದೆ. ಮೊಲ ಅಂದರೆ ಗಜ್ಜರಿ ಅಂತ ಮಕ್ಕಳ ಪುಸ್ತಕಗಳು ತಲೆಗೆ ತುಂಬಿಬಿಟ್ಟಿವೆ. ಗಜ್ಜರಿಯಲ್ಲಿ ಸಕ್ಕರೆ ಜಾಸ್ತಿ, ಒಂದು ಚೂರು ಕೊಟ್ಟರೆ ಸಾಕು. ಮೊಲದ ಊಟದಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು. ಅದರ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಮುಂದಿನ ಹಲ್ಲು ವಾರಕ್ಕೆ ಎರಡು-ಮೂರು ಮಿಲಿಮೀಟರ್. ಅದನ್ನು ಸವೆಸುವುದು ನಾರಿನ ಹುಲ್ಲು ಮಾತ್ರ. ಹುಲ್ಲಿಲ್ಲದಿದ್ದರೆ ಹಲ್ಲು ಉದ್ದ ಬೆಳೆದು ಕೆನ್ನೆ, ನಾಲಿಗೆ ಕೊಯ್ಯುತ್ತದೆ. ಮೊಲ ಹಸಿದಿದ್ದರೂ ತಿನ್ನಲಾರದೆ ಕೂರುತ್ತದೆ. ರೊಟ್ಟಿ, ಬಿಸ್ಕಿಟ್, ಅನ್ನ, ದಾಲ್ ಮಿಲ್ಲಿನಿಂದ ತಂದ ತೊಗರಿ ಚುನ್ನಿ ಎಲ್ಲವೂ ಹೊಟ್ಟೆಯೊಳಗಿನ ಒಳ್ಳೆ ಬ್ಯಾಕ್ಟೀರಿಯಾಗಳ ಲೆಕ್ಕ ತಪ್ಪಿಸುತ್ತವೆ. ಚುನ್ನಿ ಎಮ್ಮೆಗಿರಲಿ.

ಆನ್‌ಲೈನಿನಲ್ಲಿ ಸಿಗುವ ತಿಮೊಥಿ ಹುಲ್ಲು ದುಬಾರಿ. ನಾವು ಕರಕಿ ಹುಲ್ಲು ತಂದು ನೆರಳಲ್ಲಿ ಒಣಗಿಸಿ ಇಡುತ್ತೇವೆ. ಯಾದಗಿರಿ ಕಡೆಯಿಂದ ಭತ್ತದ ಹುಲ್ಲೂ ಬರುತ್ತದೆ. ಅಗಿಯಲು ಒಳ್ಳೆಯದು, ಸತ್ವ ಕಮ್ಮಿ, ಅದೊಂದೇ ಸಾಲದು. ಬೂಷ್ಟು ಹಿಡಿದ ಹುಲ್ಲು ಮಾತ್ರ ಎಷ್ಟೇ ಕೊಡವಿದರೂ ಹಾಕಬೇಡಿ. ಎರಡು ಎಚ್ಚರಿಕೆ ಇಲ್ಲಿಯವರಿಗೇ ಹೇಳಬೇಕು. ಎಳೆ ಜೋಳದ ಬೆಳೆ ತಿಂದು ದನ ಬಿದ್ದು ಸಾಯುವುದು ನಮ್ಮ ರೈತರಿಗೆಲ್ಲ ಗೊತ್ತು. ಅದರಲ್ಲಿ, ಮುಖ್ಯವಾಗಿ ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿ, ಸಯನೈಡ್ ವಿಷ ಹುಟ್ಟುತ್ತದೆ. ಎಮ್ಮೆಯನ್ನೇ ಕೆಡಹುವ ಪೈರನ್ನು ಮೊಲದ ಮುಂದೆ ಇಡುವುದುಂಟೇ? ಇನ್ನೊಂದು, ತೊಗರಿ ಹೂ ಬಿಡುವ ಹೊತ್ತಿಗೆ ಕಾಯಿಕೊರಕ ಹುಳಕ್ಕೆ ಔಷಧಿ ಹೊಡೆಯುತ್ತಾರೆ. ಆಗ ಹೊಲದ ಬದುವಿನ ಹುಲ್ಲು ಎಷ್ಟೇ ಹಸಿರಾಗಿ ಕಂಡರೂ ಕೊಯ್ದು ತರಬೇಡಿ. ಸೊಪ್ಪಿನಲ್ಲಿ ಕೊತ್ತಂಬರಿ, ಮೂಲಂಗಿ ಸೊಪ್ಪು ತೊಳೆದು ಕೊಡಬಹುದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೇಡವೇ ಬೇಡ.

ಮೊಲ ತನ್ನ ಹಿಕ್ಕೆ ತಾನೇ ತಿನ್ನುತ್ತದೆ ಅಂತ ಹೇಸಿಕೊಂಡು ಫೋನ್ ಮಾಡುವವರಿಗೆ ಕೊರತೆಯಿಲ್ಲ. ಅದು ರೋಗ ಅಲ್ಲ. ದಿನಾ ಬೀಳುವ ಗುಂಡನೆಯ ಒಣ ಹಿಕ್ಕೆ ಬೇರೆ, ಇದು ಬೇರೆ. ಇದು ಮೆತ್ತಗೆ, ಹೊಳಪಾಗಿ, ಸಣ್ಣ ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡಿರುತ್ತದೆ. ಜೀವಸತ್ವ ಇದರಲ್ಲಿ ಜಾಸ್ತಿ ಇರುವುದರಿಂದ ನೇರವಾಗಿ ಬಾಯಿಂದಲೇ ತೆಗೆದುಕೊಳ್ಳುತ್ತದೆ. ಅದು ತಿನ್ನದೆ ಹಿಂಭಾಗಕ್ಕೆ ಅಂಟಿಕೊಂಡು ಉಳಿದರೆ ಆಗ ಚಿಂತೆ ಮಾಡಿ. ಒಂದೋ ಮೈ ಬಂದು ಬಾಗಲು ಆಗುತ್ತಿಲ್ಲ, ಇಲ್ಲಾ ಕಾಳು-ತಿಂಡಿ ಜಾಸ್ತಿಯಾಗಿದೆ. ಮಳೆಗಾಲದಲ್ಲಿ ಇದು ಜೀವಕ್ಕೇ ಕುತ್ತು. ಹೊಲಸು ಮೆತ್ತಿದ ಕೂದಲ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬಿದ್ದು ಚರ್ಮದೊಳಗೆ ಇಳಿಯುತ್ತವೆ. ಜೂನ್‌ನಿಂದ ಎರಡು ಹೊತ್ತೂ ಬಾಲ ಎತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕಜ್ಜಿಯ ಬಗ್ಗೆ ಎರಡು ಮಾತು. ಮೂಗು, ಕಿವಿ ಅಂಚು, ಪಾದಗಳ ಮೇಲೆ ಬೂದು ಹೊಟ್ಟು ಕಟ್ಟಿದರೆ, ಕಿವಿಯೊಳಗೆ ಪದರ ಪದರ ಚಕ್ಕೆ ಕಂಡರೆ ಅದು ನುಸಿ. ಅದರಲ್ಲಿ ಕೆಲವು ನಮಗೂ ಹತ್ತಿ ತುರಿಕೆ ತರುತ್ತವೆ. ಐವರ್ಮೆಕ್ಟಿನ್ ಅನ್ನು ಡಾಕ್ಟರು ತೂಕ ನೋಡಿ ಕೊಡುತ್ತಾರೆ, ಕೆಲ ದಿನ ಬಿಟ್ಟು ಮತ್ತೆ ಕರೆಯುತ್ತಾರೆ, ಯಾಕೆಂದರೆ ಮೊದಲ ಸಲಕ್ಕೆ ನುಸಿಯ ಮೊಟ್ಟೆ ಸಾಯುವುದಿಲ್ಲ. ಆರಾಮ ಆಯಿತಲ್ಲ ಅಂತ ಎರಡನೇ ಸಲ ಹೋಗದವರೇ ಜಾಸ್ತಿ. ಚಕ್ಕೆಯನ್ನು ಉಗುರಿನಿಂದ ಕೀಳಬೇಡಿ, ಅಡಿಯಲ್ಲಿ ಹಸಿ ಗಾಯ ಇರುತ್ತದೆ. ಬೇವಿನ ನೀರಿನ ಸ್ನಾನವೂ ಬೇಡ. ಮೊಲಕ್ಕೆ ಸ್ನಾನವೇ ಬೇಡ.

ಬೇಸರದ ಸಂಗತಿ ಅಂದರೆ, ಪ್ರೀತಿಯಿಂದ ಕೊಟ್ಟ ಔಷಧಿಯೇ ಮೊಲ ಕೊಲ್ಲುವುದು. ನಾಯಿಗೆ ಉಣ್ಣಿ ಹತ್ತಬಾರದು ಅಂತ ಹಾಕುವ ಫಿಪ್ರೊನಿಲ್ ಇರುವ ಹನಿ, ಸ್ಪ್ರೇ ಮೊಲಕ್ಕೆ ವಿಷ. ಮಕ್ಕಳಿಗೆ ಬರೆದುಕೊಟ್ಟು ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಸಿರಪ್ ಬಾಯಿಗೆ ಹಾಕಿದರೆ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ಬೆಳೆದು, ಭೇದಿಯಾಗಿ ಸಾಯುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದೆವು ಅನ್ನುವವರಿಗೆ ಕೈಮುಗಿಯುತ್ತೇನೆ.

ರೇಬೀಸ್ ಬಗ್ಗೆ ಕೇಳುತ್ತಾರೆ. ಮೊಲಕ್ಕೆ ಅಂತ ಪರವಾನಗಿ ಪಡೆದ ರೇಬೀಸ್ ಲಸಿಕೆ ಅಮೆರಿಕದಲ್ಲೂ ಇಲ್ಲ. ಮನೆಯೊಳಗಿನ ಮೊಲಕ್ಕೆ ಬೀದಿನಾಯಿ, ಮುಂಗುಸಿ ತಾಗದಂತೆ ನೋಡಿಕೊಂಡರೆ ಅದೇ ರಕ್ಷಣೆ. ಮೊಲ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ. ಮೊಲದಿಂದ ಮನುಷ್ಯರಿಗೆ ರೇಬೀಸ್ ಬರುವುದು ತೀರಾ ಅಪರೂಪ, ಟಿಟಿ ಸೂಜಿ ಬೇಕಾಗಬಹುದು. ಹೊಲದಲ್ಲಿ ತೊಗರಿ ಕೊಯ್ಯುವಾಗ ಸಿಕ್ಕ ಮರಿಯನ್ನು ಮನೆಗೆ ತರಬೇಡಿ. ಅದು ಬೇರೆಯೇ ಜಾತಿ, ಕಾಡುಪ್ರಾಣಿ. 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಣೆ ಇದೆ. ತಾಯಿ ಸಂಜೆಗೆ ಒಮ್ಮೆ ಬಂದು ಹಾಲು ಕೊಟ್ಟು ಹೋಗುತ್ತದೆ, ಅದು ಅನಾಥ ಅಲ್ಲ.

ಹೆಣ್ಣು ಮೊಲ ಇದ್ದರೆ ಆಪರೇಷನ್ ಬಗ್ಗೆ ಯೋಚಿಸಿ. ವಯಸ್ಸಾದ ಹೆಣ್ಣು ಮೊಲಗಳಿಗೆ ಗರ್ಭಕೋಶದ ಕ್ಯಾನ್ಸರ್ ಬಹಳ. ಆದರೆ ಮೊಲಕ್ಕೆ ಅರಿವಳಿಕೆ ಕೊಟ್ಟು ಕೈಪಳಗಿದವರೇ ಮಾಡಬೇಕು. ಇಲ್ಲಿ ಸಿಗದಿದ್ದರೆ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಕಾಲೇಜಿನಲ್ಲಿ ವಿಚಾರಿಸಬಹುದು. ಬೇಸಿಗೆಯಲ್ಲಿ ಹುಮನಾಬಾದ್ ದಾರಿ ಹಿಡಿಯುವುದಾದರೆ ನಸುಕಿನಲ್ಲೇ ಹೊರಡಿ. ಆಪರೇಷನ್ನಿಗೆ ಮುಂಚೆ ಮೊಲವನ್ನು ಉಪವಾಸ ಕೆಡವಬಾರದು. ಉಪವಾಸ ಇರಿಸುವುದು ಅರಿವಳಿಕೆಯಲ್ಲಿ ವಾಂತಿ ಆಗದಿರಲಿ ಅಂತ, ಮೊಲ ವಾಂತಿ ಮಾಡುವ ಪ್ರಾಣಿಯೇ ಅಲ್ಲ. ಯಾರಾದರೂ ರಾತ್ರಿಯಿಂದ ಏನೂ ಕೊಡಬೇಡಿ ಅಂದರೆ ಇನ್ನೊಮ್ಮೆ ಕೇಳಿ.

ನಮ್ಮಲ್ಲಿ ಭಾನುವಾರ ಅಡುಗೆಮನೆಯ ತಕ್ಕಡಿ ಮೇಲೆ ಸ್ಟೀಲ್ ಡಬರಿ ಇಟ್ಟು ಮೊಲ ತೂಗುತ್ತೇವೆ. ಹತ್ತಿ ಸುಮ್ನೆ ಕೂರುತ್ತದೆ. ಎಳ್ಳು ಹಾರಿ ಓಡುತ್ತದೆ, ಮತ್ತೆ ಹಿಡಿದು ತರಬೇಕು. ತೂಕವನ್ನು ಕ್ಯಾಲೆಂಡರಿನಲ್ಲೇ ಬರೆಯುತ್ತೇವೆ, ಹಾಲಿನ ಲೆಕ್ಕದ ಪಕ್ಕದಲ್ಲಿ. ಮೊಲ ನೋವನ್ನು ಮುಚ್ಚಿಡುವ ಪ್ರಾಣಿ. ಬೇಟೆಗೆ ಸಿಗಬಾರದು ಅನ್ನುವುದು ಅದರ ರಕ್ತದಲ್ಲೇ ಇದೆ. ಕೂಗುವುದಿಲ್ಲ, ಕುಂಟುವುದನ್ನೂ ತೋರಿಸುವುದಿಲ್ಲ. ತೂಕ ಮಾತ್ರ ಮುಚ್ಚಿಡಲು ಆಗುವುದಿಲ್ಲ. ಹತ್ತರಲ್ಲಿ ಒಂದು ಪಾಲು ಇಳಿದರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಮೊಲ ಹತ್ತು-ಹನ್ನೆರಡು ತಾಸು ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಕರುಳಿನ ಓಟ ನಿಂತಿರುತ್ತದೆ.

ಮದುವೆ ಸೀಸನ್ ಬರುವುದೂ ಮೇ ತಿಂಗಳಲ್ಲೇ, ಮನೆಗೆ ಬೀಗ ಹಾಕುವುದೂ ಆಗಲೇ. ಎರಡು ದಿನದ ಹುಲ್ಲು, ನೀರು ಇಟ್ಟು ಹೋದರಾಯಿತು ಅನ್ನುವವರಿದ್ದಾರೆ. ನಾವು ಪಕ್ಕದ ಮನೆ ಕಾಕುಗೆ ಒಪ್ಪಿಸಿ ಹೋಗುತ್ತೇವೆ. ಅವರಿಗೆ ಹೇಳುವುದು ಇಷ್ಟೇ: ಮುಂಜಾನೆ ಹಿಕ್ಕೆ ಗುಡಿಸಬೇಕು, ಹುಲ್ಲು ಖಾಲಿಯಾಗಿದೆಯಾ ನೋಡಬೇಕು, ಮಧ್ಯಾಹ್ನ ಐಸ್ ಬಾಟಲಿ ಬದಲಿಸಬೇಕು, ಮೊಮ್ಮಕ್ಕಳು ಬಿಸ್ಕಿಟ್ ಕೊಡದಂತೆ ಕಾಯಬೇಕು. ಡಾಕ್ಟರ ನಂಬರ್ ಬಾಗಿಲಿಗೆ ಅಂಟಿಸಿರುತ್ತೇವೆ. ಹೋದ ಸಲ ಮಂಟಪದಲ್ಲಿ ಅಕ್ಷತೆ ಹಾಕುವ ಹೊತ್ತಿಗೆ ಸರಿಯಾಗಿ ಕಾಕುನ ಫೋನ್ ಬಂತು. "ಬಿಳೇದು ಹದಿನೆಂಟು ಹಿಕ್ಕಿ ಹಾಕೇತ್ರಿ, ಬೂದಿದು ಎಣ್ಸಾಕ ಕುಂತೀನಿ, ಸಾಕೇನ್?"